ಕ್ರಮ ತಪ್ಪಿದ ನೂರು ಪುಟಗಳು

ಪತ್ತೇದಾರಿ ಕಥೆಯನ್ನು ನಾವು ಸಾಮಾನ್ಯವಾಗಿ ಓದುವ ಬಗೆ ಎಂಥದು? ರೈಲಿನಲ್ಲಿ ಕುಳಿತೋ, ಊಟದ ಮೇಲಿನ ಮಂಪರಿನಲ್ಲೋ, ಪುಟದ ಮೇಲೆ ಪುಟ ತಿರುವುತ್ತ ಹೋಗುತ್ತೇವೆ. ಕೊಲೆಯೊಂದು ನಡೆಯುತ್ತದೆ, ಜಾಣನಾದ ಪತ್ತೇದಾರನೊಬ್ಬ ಬರುತ್ತಾನೆ, ನಮ್ಮ ಕಣ್ಣೆದುರಿಗೇ ಬಿದ್ದಿದ್ದ ಸುಳಿವನ್ನು ಅವನು ಹೆಕ್ಕಿ ತೋರಿಸಿದಾಗ, ಇದು ನಮಗೆ ಹೊಳೆಯಲಿಲ್ಲವಲ್ಲ ಎಂದುಕೊಂಡು ಪುಸ್ತಕ ಮುಚ್ಚುತ್ತೇವೆ. ಯೋಚಿಸುವ ಶ್ರಮ ಅವನದು, ಬೆರಗಾಗುವ ಸುಖ ನಮ್ಮದು. ಈ ಏರ್ಪಾಟಿಗೆ ಒಪ್ಪದ ಓದುಗರೂ ಇದ್ದಾರೆ, ಲೇಖಕರೂ ಇದ್ದಾರೆ. ಪತ್ತೇದಾರನನ್ನು ಕಥೆಯಿಂದ ಹೊರಗೆ ಕಳಿಸಿ, ಅವನ ಪೀಠದಲ್ಲಿ ಓದುಗನನ್ನೇ ಕೂರಿಸಿದ ಬರೆಹಗಳ ಸಣ್ಣದೊಂದು ಪರಂಪರೆ ಕಳೆದ ನೂರು ವರ್ಷಗಳಲ್ಲಿ ಬೆಳೆದಿದೆ. ಅವುಗಳನ್ನು ಆಟವೆನ್ನೋಣವೆ, ಸಾಹಿತ್ಯವೆನ್ನೋಣವೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಪರಂಪರೆಯಲ್ಲೇ ಅತಿ ಕಠಿಣವೆನಿಸಿದ ಒಂದು ಪುಸ್ತಕದ ಚರಿತ್ರೆಯನ್ನು ಹೇಳಬೇಕೆಂದಿದ್ದೇನೆ.

ಒಗಟು ನಮಗೆ ಹೊಸದಲ್ಲ. ದಂಡಿ ತನ್ನ ಕಾವ್ಯಾದರ್ಶದಲ್ಲಿ ಪ್ರಹೇಳಿಕೆಯ ಹದಿನಾರು ಬಗೆಗಳನ್ನು ಎಣಿಸಿದ್ದಾನೆ. ಅಲ್ಲಮನ ಬೆಡಗಿನ ವಚನಗಳನ್ನೂ ಕನಕದಾಸರ ಮುಂಡಿಗೆಗಳನ್ನೂ ಬಿಡಿಸಲು ಹೆಣಗಿದವರು ಎಷ್ಟೋ ಮಂದಿ. ಆದರೆ ಅವೆಲ್ಲ ಒಂದು ಪದ್ಯದ, ಒಂದು ಹಾಡಿನ ಅಳತೆಯವು. ಒಂದು ಇಡೀ ಪುಸ್ತಕವೇ ಒಗಟಾಗುವುದು, ಅದೂ ಕೊಲೆಗಳ ಒಗಟಾಗುವುದು ಬೇರೆಯದೇ ಒಂದು ಕಾಲದ, ಬೇರೆಯದೇ ಒಂದು ದೇಶದ ಕೂಸು. ಆ ಕಾಲ ಎರಡು ಮಹಾಯುದ್ಧಗಳ ನಡುವಣದು. ಆ ದೇಶ ಇಂಗ್ಲೆಂಡು.

ಎಡ್ಗರ್ ಅಲನ್ ಪೋ ೧೮೪೧ರಲ್ಲಿ ಹಾಕಿದ ದಾರಿಯಲ್ಲಿ ಬೆಳೆದು ಬಂದ ಪತ್ತೇದಾರಿ ಕಥೆಗೆ ೧೯೨೦ರ ದಶಕದಲ್ಲಿ ಒಂದು ಹೊಸ ಶಿಸ್ತು ಬಂತು. ಅದನ್ನು ನ್ಯಾಯದ ಆಟ ಎಂದು ಕರೆಯಬಹುದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಲೇಬೇಕು. ಕೊನೆಯ ಅಧ್ಯಾಯದಲ್ಲಿ ಲೇಖಕ ಜೇಬಿನಿಂದ ಹೊಸ ಸಾಕ್ಷ್ಯವನ್ನು ತೆಗೆಯಕೂಡದು. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ೧೯೨೯ರಲ್ಲಿ ಇದಕ್ಕೆ ಹತ್ತು ಕಟ್ಟಳೆಗಳನ್ನೇ ಬರೆದುಕೊಟ್ಟ. ಅದೇ ವರ್ಷ ಅಮೆರಿಕದಲ್ಲಿ ಎಲರಿ ಕ್ವೀನ್ ಎಂಬ ಹೆಸರಿನ ಹಿಂದೆ ಅಡಗಿದ್ದ ಇಬ್ಬರು ಸೋದರಸಂಬಂಧಿಗಳು ತಮ್ಮ ಮೊದಲ ಕಾದಂಬರಿಯನ್ನು ಪ್ರಕಟಿಸಿದರು. ಪರಿಹಾರ ಬರುವುದಕ್ಕೆ ಮುಂಚೆ ಅದರಲ್ಲಿ ಕಥೆ ನಿಲ್ಲುತ್ತದೆ. ಸುಳಿವುಗಳೆಲ್ಲ ನಿಮ್ಮ ಮುಂದಿವೆ, ಇನ್ನು ನೀವೇ ಹೇಳಿ ಎಂದು ಓದುಗನಿಗೆ ಸವಾಲು ಬರುತ್ತದೆ. ಮರುವರ್ಷ ಲಂಡನ್ನಿನಲ್ಲಿ ಪತ್ತೇದಾರಿ ಲೇಖಕರ ಸಂಘವೊಂದು ಹುಟ್ಟಿ, ಓದುಗನಿಗೆ ಮೋಸ ಮಾಡುವುದಿಲ್ಲವೆಂದು ಸದಸ್ಯರು ಪ್ರಮಾಣ ಸ್ವೀಕರಿಸುವ ಪದ್ಧತಿಯೂ ಬಂತು. ಅಂದರೆ ಲೇಖಕನಿಗೂ ಓದುಗನಿಗೂ ನಡುವೆ ಕರಾರೊಂದು ಏರ್ಪಟ್ಟಿತ್ತು. ಆದರೂ ಓದುಗ ಉತ್ತರ ಹೇಳಬೇಕಾದ ಬಲವಂತವಿರಲಿಲ್ಲ. ಸವಾಲಿನ ಪುಟವನ್ನು ತಿರುವಿದರೆ ಉತ್ತರ ಅಲ್ಲೇ ಇರುತ್ತಿತ್ತು.

ಇದೇ ವೇಳೆಗೆ ಇನ್ನೊಂದು ಹುಚ್ಚು ಇಂಗ್ಲೆಂಡನ್ನು ಹಿಡಿದಿತ್ತು. ೧೯೧೩ರ ಡಿಸೆಂಬರ್ ೨೧ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಪದಬಂಧವನ್ನು ಅಚ್ಚು ಮಾಡಿಸಿದ. ಹತ್ತೇ ವರ್ಷಗಳಲ್ಲಿ ಅದು ಅಟ್ಲಾಂಟಿಕ್ ದಾಟಿತು. ದಾಟಿದ ಮೇಲೆ ಇಂಗ್ಲೆಂಡಿನಲ್ಲಿ ಅದರ ಸ್ವಭಾವವೇ ಬದಲಾಯಿತು. ಅಮೆರಿಕದ ಪದಬಂಧ ಪದದ ಅರ್ಥ ಕೇಳುತ್ತಿತ್ತು. ಇಂಗ್ಲೆಂಡಿನದು ಶ್ಲೇಷೆ, ಅಕ್ಷರಪಲ್ಲಟ, ಕಾವ್ಯಸ್ಮರಣೆ ಇವುಗಳಿಂದ ಓದುಗನನ್ನು ದಾರಿ ತಪ್ಪಿಸಿ, ಆಮೇಲೆ ದಾರಿಗೆ ತರುತ್ತಿತ್ತು. ಈ ಬಗೆಯನ್ನು ಪೂರ್ಣತೆಗೆ ಮುಟ್ಟಿಸಿದಾತನೇ ಎಡ್ವರ್ಡ್ ಪಾವಿಸ್ ಮ್ಯಾಥರ್ಸ್. ೧೮೯೨ರಲ್ಲಿ ಹುಟ್ಟಿದ ಈತ ೧೯೨೬ರಿಂದ ೧೯೩೯ರಲ್ಲಿ ತೀರಿಕೊಳ್ಳುವವರೆಗೂ ‘ಅಬ್ಸರ್ವರ್’ ವಾರಪತ್ರಿಕೆಗೆ ಪದಬಂಧಗಳನ್ನು ರಚಿಸಿದ. ಅವನು ಇಟ್ಟುಕೊಂಡ ಕಾವ್ಯನಾಮ ಟಾರ್ಕ್ವಿಮಾಡ. ಅದು ಹದಿನೈದನೆಯ ಶತಮಾನದ ಸ್ಪೇನಿನಲ್ಲಿ ಧರ್ಮವಿಚಾರಣೆಯ ಹೆಸರಿನಲ್ಲಿ ಜನರನ್ನು ಚಿತ್ರಹಿಂಸೆಗೆ ಗುರಿಪಡಿಸಿದ ಅಧಿಕಾರಿಯ ಹೆಸರು. ಓದುಗರನ್ನು ಹಿಂಸಿಸುವವನಿಗೆ ತಕ್ಕ ಅಂಕಿತವೇ ಸರಿ. ಅವನ ಬಳಿಕ ಆ ಪೀಠಕ್ಕೆ ಬಂದವರೂ ಅದೇ ವಿಚಾರಣಾಧಿಕಾರಿಗಳ ಹೆಸರನ್ನೇ ಧರಿಸಿದರು. ಒಬ್ಬ ಹಿಮೆನೆಸ್, ಇನ್ನೊಬ್ಬ ದೆಸ ಎಂಬುವವನ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಅಜೆಡ್ ಎಂದಾದ.

ಈ ಮ್ಯಾಥರ್ಸ್‌ನ ಇನ್ನೊಂದು ಮುಖ ನಮಗೆ ಹತ್ತಿರದ್ದು. ಅವನು ಪೂರ್ವದೇಶಗಳ ಕಾವ್ಯವನ್ನು ಇಂಗ್ಲಿಷಿಗೆ ತಂದ ಅನುವಾದಕ. ೧೯೧೯ರಲ್ಲಿ ಅವನು ‘ಬ್ಲ್ಯಾಕ್ ಮೇರಿಗೋಲ್ಡ್ಸ್’ ಎಂಬ ಹೆಸರಿನಿಂದ ಪ್ರಕಟಿಸಿದ ಕವಿತೆ ಸಂಸ್ಕೃತದ ಚೌರಪಂಚಾಶಿಕೆಯ ಸ್ವಚ್ಛಂದವಾದ ಭಾವಾನುವಾದ. ಅಮೆರಿಕದ ಕಾದಂಬರಿಕಾರ ಸ್ಟೀನ್‌ಬೆಕ್ ತನ್ನ ೧೯೪೫ರ ‘ಕ್ಯಾನರಿ ರೋ’ ಕಾದಂಬರಿಯಲ್ಲಿ ಅದನ್ನು ಬಳಸಿಕೊಂಡದ್ದರಿಂದ ಅದರ ಹೆಸರು ದೂರದವರೆಗೂ ಹಬ್ಬಿತು. ಚೌರಪಂಚಾಶಿಕೆ ಪರಂಪರೆಯ ಪ್ರಕಾರ ಬಿಲ್ಹಣನದು. ಕಾಶ್ಮೀರದಲ್ಲಿ ಹುಟ್ಟಿ, ದೇಶ ಸುತ್ತಿ, ಕೊನೆಗೆ ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ, ವಿಕ್ರಮಾಂಕದೇವಚರಿತವನ್ನು ಬರೆದ ಕವಿ ಅವನೇ. ರಾಜಪುತ್ರಿಯನ್ನು ಒಲಿದ ಅಪರಾಧಕ್ಕೆ ಮರಣದಂಡನೆಗೆ ಗುರಿಯಾದ ಕವಿ ವಧಸ್ಥಾನಕ್ಕೆ ಹೋಗುತ್ತ ಹೇಳಿದ ಐವತ್ತು ಪದ್ಯಗಳಿವು, ಅವನ್ನು ಕೇಳಿ ಅರಸ ಮನಕರಗಿ ಕ್ಷಮಿಸಿದ ಎಂದು ಐತಿಹ್ಯ. ಕಳ್ಳತನ, ವಿಚಾರಣೆ, ಶಿಕ್ಷೆ, ಬಿಡುಗಡೆ ಎಲ್ಲವೂ ಅದರಲ್ಲಿವೆ. ಮ್ಯಾಥರ್ಸ್ ಸಾವಿರದೊಂದು ರಾತ್ರಿಗಳ ಕಥೆಗಳನ್ನೂ ಮಾರ್ದ್ರೂಸನ ಫ್ರೆಂಚಿನಿಂದ ಇಂಗ್ಲಿಷಿಗೆ ತಂದ. ಆ ಕಥಾಸಾಗರದಲ್ಲಿ ಮೂರು ಸೇಬುಗಳ ಕಥೆ ಒಂದಿದೆ. ಟೈಗ್ರಿಸ್ ನದಿಯಲ್ಲಿ ಸಿಕ್ಕ ಪೆಟ್ಟಿಗೆಯೊಳಗೆ ಹೆಣ್ಣಿನ ಶವ. ಮೂರು ದಿನದಲ್ಲಿ ಕೊಲೆಗಾರನನ್ನು ತರದಿದ್ದರೆ ನಿನ್ನನ್ನೇ ಗಲ್ಲಿಗೇರಿಸುತ್ತೇನೆಂದು ಖಲೀಫ ಮಂತ್ರಿ ಜಾಫರನಿಗೆ ಆಜ್ಞಾಪಿಸುತ್ತಾನೆ. ಜಾಫರ್ ಹುಡುಕುವುದೇ ಇಲ್ಲ, ಮನೆಯಲ್ಲಿ ಕೂರುತ್ತಾನೆ. ಅಪರಾಧಿ ತಾನಾಗಿ ಬಂದು ಒಪ್ಪಿಕೊಳ್ಳುತ್ತಾನೆ. ಓದುಗನನ್ನು ಹಾಗೆ ಮನೆಯಲ್ಲಿ ಕೂರಲು ಬಿಡದ ಪುಸ್ತಕವನ್ನು ಆ ಅನುವಾದಕನೇ ಮುಂದೆ ಬರೆದ.

೧೯೩೪ರಲ್ಲಿ ಲಂಡನ್ನಿನ ಪ್ರಕಾಶಕ ವಿಕ್ಟರ್ ಗೊಲಾನ್ಸ್ ‘ಟಾರ್ಕ್ವಿಮಾಡ ಪಜ಼ಲ್ ಬುಕ್’ ಎಂಬ ಸಂಕಲನವನ್ನು ಹೊರತಂದ. ಪದಬಂಧ, ಅಕ್ಷರಪಲ್ಲಟ ಮುಂತಾದ ಆಟಗಳ ಬಳಿಕ ಕೊನೆಯಲ್ಲಿ ನೂರು ಪುಟಗಳ ಒಂದು ಕಿರುಕಾದಂಬರಿಯಿತ್ತು. ಹೆಸರು ‘ಕೇನ್ಸ್ ಜಾಬೋನ್’, ಎಂದರೆ ಕಾಯಿನನ ದವಡೆಯೆಲುಬು. ಬೈಬಲ್ಲಿನ ಕಾಯಿನ ತಮ್ಮ ಹೇಬೆಲನನ್ನು ಕೊಂದದ್ದು ಲೋಕದ ಮೊದಲ ಕೊಲೆ. ಆಯುಧ ಯಾವುದೆಂದು ಬೈಬಲ್ ಹೇಳುವುದಿಲ್ಲ. ದವಡೆಯ ಎಲುಬೆಂಬುದು ಯೂರೋಪಿನ ಹಳೆಯ ನಂಬಿಕೆ, ಹ್ಯಾಮ್ಲೆಟ್ ನಾಟಕದಲ್ಲೂ ಅದರ ಪ್ರಸ್ತಾಪ ಬರುತ್ತದೆ. ಪುಸ್ತಕದ ಮೊದಲಿಗೆ ಒಂದು ಸೂಚನೆಯಿದೆ. ಪುಟಗಳು ಕ್ರಮ ತಪ್ಪಿ ಅಚ್ಚಾಗಿವೆ; ಸರಿಯಾದ ಕ್ರಮ ಒಂದೇ ಒಂದು; ಅದನ್ನು ಕಂಡುಹಿಡಿಯಬೇಕು; ಕಥೆಯಲ್ಲಿ ಕೊಲೆಯಾದ ಆರು ಮಂದಿ ಯಾರು, ಅವರನ್ನು ಕೊಂದವರು ಯಾರು ಎಂಬುದನ್ನು ಹೇಳಬೇಕು. ಸರಿಯಾದ ಉತ್ತರಕ್ಕೆ ೧೫ ಪೌಂಡು ಬಹುಮಾನ. ಪುಸ್ತಕದ ಕೊನೆಯಲ್ಲಿ ಉತ್ತರವಿಲ್ಲ.

ನೂರು ಪುಟಗಳನ್ನು ಜೋಡಿಸುವುದು ಏನು ಮಹಾ ಎನ್ನಿಸಬಹುದು. ಮೂರು ಪುಟಗಳನ್ನು ಆರು ಬಗೆಯಲ್ಲಿ ಜೋಡಿಸಬಹುದು. ನಾಲ್ಕನ್ನು ೨೪ ಬಗೆಯಲ್ಲಿ. ಹತ್ತು ಪುಟಗಳಾದರೆ ೩೬,೨೮,೮೦೦ ಬಗೆಗಳು. ನೂರು ಪುಟಗಳಿಗೆ ಬರುವ ಸಂಖ್ಯೆಯನ್ನು ಬರೆಯಲು ೧೫೮ ಅಂಕಿಗಳು ಬೇಕು. ಆದುದರಿಂದ ಲೆಕ್ಕದ ಬಲದಿಂದ ಇದನ್ನು ಗೆಲ್ಲಲಾಗದು, ಓದಿನಿಂದಲೇ ಗೆಲ್ಲಬೇಕು. ಓದೂ ಸುಲಭವಲ್ಲ. ಯಾವ ಪುಟವೂ ಅರ್ಧ ವಾಕ್ಯಕ್ಕೆ ನಿಲ್ಲುವುದಿಲ್ಲ. ಇದರ ಬಾಲ ಅದರ ತಲೆಗೆ ಕೂಡುತ್ತದೆಯೇ ಎಂದು ನೋಡುವ ಸುಲಭೋಪಾಯಕ್ಕೆ ಎಡೆಯಿಲ್ಲ. ಎಲ್ಲ ಪುಟಗಳಲ್ಲೂ ‘ನಾನು’ ಎಂಬ ದನಿಯೇ ಮಾತಾಡುತ್ತದೆ. ಆ ನಾನು ಯಾರೆಂಬುದೇ ಮೊದಲ ಪ್ರಶ್ನೆ. ಹೆಜ್ಜೆಹೆಜ್ಜೆಗೂ ಇಂಗ್ಲಿಷ್ ಕವಿಗಳ ಸಾಲುಗಳು ಮಾತಿನೊಳಗೆ ಮಾತಾಗಿ ಬೆರೆತಿರುತ್ತವೆ. ಹೂವಿನ ಹೆಸರೋ ಊರಿನ ಹೆಸರೋ ವ್ಯಕ್ತಿಯ ಹೆಸರೋ ತಿಳಿಯದಂತೆ ಪದಗಳು ವೇಷ ಹಾಕಿ ನಿಂತಿರುತ್ತವೆ.

ಈ ಪುಟಗಳನ್ನು ನಾನೂ ಬಿಡಿಬಿಡಿಯಾಗಿ ಮೇಜಿನ ಮೇಲೆ ಹರಡಿಕೊಂಡು ನೋಡಿದ್ದೇನೆ. ಮೊದಲ ವಾರದಲ್ಲಿ ಸಿಗುವುದು ಕಥೆಯಲ್ಲ, ಬರಿಯ ಪರಿಮಳ. ಒಂದು ಪುಟದಲ್ಲಿ ಬಂದ ದಿನದ ಉಲ್ಲೇಖ ಇನ್ನೊಂದು ಪುಟದ ಹವೆಗೆ ಹೊಂದುತ್ತದೆ. ಒಂದು ಕಡೆ ಅರ್ಧಕ್ಕೆ ನೆನಪಾದ ಪದ್ಯ ಮತ್ತೊಂದು ಕಡೆ ಮುಂದುವರಿಯುತ್ತದೆ. ಹೀಗೆ ಮೂರು ಪುಟಗಳು ಒಂದಕ್ಕೊಂದು ಕೈಹಿಡಿದುಕೊಂಡು ನಿಂತಾಗ, ಅಲ್ಲಿಯವರೆಗೆ ವಿಕ್ಷಿಪ್ತನ ಬಡಬಡಿಕೆಯಂತಿದ್ದ ಮಾತು ಥಟ್ಟನೆ ಸಾಕ್ಷಿಯ ಹೇಳಿಕೆಯಾಗುತ್ತದೆ. ಪದ ಒಂದೂ ಬದಲಾಗಿರುವುದಿಲ್ಲ. ಅದರ ಹಿಂದೆ ಏನಿದೆ, ಮುಂದೆ ಏನಿದೆ ಎಂಬುದು ಮಾತ್ರ ಬದಲಾಗಿರುತ್ತದೆ. ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆ ಈ ಅನುಭವ ಹೊಸದಾಗಿರಲಾರದು. ದಾರ ಹರಿದು, ಅಂಕೆಯ ಮೂಲೆಗಳನ್ನು ಹುಳು ತಿಂದ ಓಲೆಗರಿಗಳ ಕಟ್ಟನ್ನು ಅವರು ಜೋಡಿಸುವುದೂ ಹೀಗೆಯೇ, ಅರ್ಥವನ್ನೇ ದಾರ ಮಾಡಿಕೊಂಡು. ಅವರ ಪಾಲಿಗೆ ಕ್ರಮವನ್ನು ಕೆಡಿಸಿದ್ದು ಕಾಲ. ಇಲ್ಲಿ ಕೆಡಿಸಿದವನು ಲೇಖಕ. ಹಾಗಾಗಿ ಕೆಡಿಸಿದ್ದರಲ್ಲೂ ಒಂದು ಯೋಜನೆಯಿದೆ ಎಂಬ ಭರವಸೆ ನಮಗುಂಟು.

ಮರುವರ್ಷ, ೧೯೩೫ರಲ್ಲಿ, ಇಬ್ಬರು ಸರಿಯಾದ ಉತ್ತರ ಕಳಿಸಿದರೆಂದು ತಿಳಿದುಬಂತು. ಅವರು ಸಿಡ್ನಿ-ಟರ್ನರ್ ಮತ್ತು ಕೆನೆಡಿ. ಬಹುಮಾನಿತರ ಹೆಸರು ಪ್ರಕಟವಾಯಿತೇ ಹೊರತು ಉತ್ತರ ಪ್ರಕಟವಾಗಲಿಲ್ಲ. ೧೯೩೯ರಲ್ಲಿ ಮ್ಯಾಥರ್ಸ್ ತೀರಿಕೊಂಡ, ಮಹಾಯುದ್ಧ ಬಂತು, ಪುಸ್ತಕ ಅಂಗಡಿಗಳಿಂದ ಮರೆಯಾಯಿತು. ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಪಠ್ಯ ಪೂರ್ಣವಾಗಿ ಉಳಿದಿದೆ, ಒಂದಕ್ಷರವೂ ಲೋಪವಾಗಿಲ್ಲ, ಭಾಷೆ ಜೀವಂತವಾಗಿದೆ, ಆದರೂ ಅದರಲ್ಲಿ ಏನು ನಡೆಯಿತೆಂದು ಬಲ್ಲವರು ಬೆರಳೆಣಿಕೆಯಷ್ಟು ಮಂದಿ, ಅವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪುಸ್ತಕ ನಾಶವಾಗುವುದೆಂದರೆ ಗೆದ್ದಲು ಹಿಡಿಯುವುದು, ಬೆಂಕಿಗೆ ಬೀಳುವುದು ಎಂದು ನಾವು ತಿಳಿಯುತ್ತೇವೆ. ಓದಬಲ್ಲವರು ಇಲ್ಲವಾದಾಗಲೂ ಪುಸ್ತಕ ನಾಶವಾಗುತ್ತದೆ. ಈ ಸಣ್ಣ ಆಟದ ಪುಸ್ತಕ ಆ ದೊಡ್ಡ ಸತ್ಯದ ಅಂಚಿಗೆ ಹೋಗಿ ನಿಂತಿತ್ತು.

ಅದನ್ನು ಮರಳಿ ತಂದದ್ದು ಯಾರ್ಕ್‌ಷೈರಿನ ಕಾಕ್ಸ್‌ವೋಲ್ಡ್ ಎಂಬ ಹಳ್ಳಿಯ ಷ್ಯಾಂಡಿ ಹಾಲ್. ಹದಿನೆಂಟನೆಯ ಶತಮಾನದಲ್ಲಿ ‘ಟ್ರಿಸ್ಟ್ರಮ್ ಷ್ಯಾಂಡಿ’ ಬರೆದ ಲಾರೆನ್ಸ್ ಸ್ಟರ್ನ್ ವಾಸವಾಗಿದ್ದ ಮನೆ ಅದು; ಅವನ ಹೆಸರಿನ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಕಪ್ಪು ಮಸಿ ಬಳಿದ ಪುಟ, ಖಾಲಿ ಪುಟ, ಸ್ಥಳಪಲ್ಲಟವಾದ ಅಧ್ಯಾಯಗಳು ಇವನ್ನೆಲ್ಲ ಕಾದಂಬರಿಯೊಳಗೆ ತಂದು ಓದುಗನನ್ನು ಕೆಣಕಿದವನು ಸ್ಟರ್ನ್. ಪುಟ ಕಲಸಿದ ಪುಸ್ತಕ ಆಶ್ರಯ ಪಡೆಯಲು ಅದಕ್ಕಿಂತ ಸರಿಯಾದ ಮನೆ ಇರಲಾರದು. ಟ್ರಸ್ಟಿನವರು ಉತ್ತರವನ್ನು ಶೋಧಿಸಿ ಖಚಿತಪಡಿಸಿಕೊಂಡ ಮೇಲೆ, ೨೦೧೯ರಲ್ಲಿ ಅನ್‌ಬೌಂಡ್ ಎಂಬ ಪ್ರಕಾಶನಸಂಸ್ಥೆ ನೂರು ಪುಟಗಳನ್ನು ನೂರು ಬಿಡಿ ಹಾಳೆಗಳಾಗಿ ಪೆಟ್ಟಿಗೆಯಲ್ಲಿಟ್ಟು ಪ್ರಕಟಿಸಿತು. ಈ ಸಲ ಬಹುಮಾನ ೧,೦೦೦ ಪೌಂಡು. ಗೆದ್ದಾತ ಜಾನ್ ಫಿನಮೋರ್, ಬಿಬಿಸಿ ಬಾನುಲಿಗೆ ವಿನೋದರೂಪಕಗಳನ್ನು ಬರೆಯುವ ಲೇಖಕ. ೨೦೨೦ರಲ್ಲಿ ಕೊರೋನಾ ಬಂದು ಲೋಕವೆಲ್ಲ ಬಾಗಿಲು ಹಾಕಿಕೊಂಡ ತಿಂಗಳುಗಳು ಅವನಿಗೆ ಈ ಕೆಲಸಕ್ಕೆ ಒದಗಿದವು. ೨೦೨೧ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಯುವತಿಯೊಬ್ಬಳು ಮಲಗುವ ಕೋಣೆಯ ಗೋಡೆಯ ತುಂಬ ಈ ಪುಟಗಳನ್ನು ಅಂಟಿಸಿ ಆ ದೃಶ್ಯವನ್ನು ಟಿಕ್‌ಟಾಕ್‌ನಲ್ಲಿ ಹಾಕಿದಾಗ, ಅಂಗಡಿಗಳಲ್ಲಿದ್ದ ಪ್ರತಿಗಳು ಮುಗಿದುಹೋಗಿ ಮರುಮುದ್ರಣಕ್ಕೆ ಓಡಬೇಕಾಯಿತು. ಕೆಲವು ಸಾಲು ಓದುವಷ್ಟೂ ತಾಳ್ಮೆಯಿಲ್ಲದ ಪೀಳಿಗೆ ಎಂದು ನಾವು ಬೈಯುವ ಮಕ್ಕಳೇ, ೧೯೩೪ರ ಕಗ್ಗಂಟಾದ ಗದ್ಯವನ್ನು ಕೈಯಲ್ಲಿ ಬಣ್ಣದ ಪೆನ್ಸಿಲ್ ಹಿಡಿದು ಸಾಲುಸಾಲಾಗಿ ಓದತೊಡಗಿದರು. ಫಿನಮೋರ್ ೨೦೨೪ರಲ್ಲಿ ಇದೇ ಬಗೆಯ ಹೊಸ ಒಗಟೊಂದನ್ನು ತಾನೇ ರಚಿಸಿ ಋಣ ತೀರಿಸಿದ.

ಈ ಪುಸ್ತಕಕ್ಕೆ ಒಡಹುಟ್ಟಿದವುಗಳೂ ಇವೆ. ೧೯೩೬ರಲ್ಲಿ ಡೆನಿಸ್ ವೀಟ್ಲಿ ಮತ್ತು ಲಿಂಕ್ಸ್ ಎಂಬಿಬ್ಬರು ‘ಮರ್ಡರ್ ಆಫ್ ಮಯಾಮಿ’ ಎಂಬ ಕಡತವನ್ನು ಹೊರತಂದರು. ಅದು ಕಾದಂಬರಿಯಲ್ಲ, ಪೋಲೀಸರ ಫೈಲು. ತಂತಿ, ಹೇಳಿಕೆ, ಛಾಯಾಚಿತ್ರಗಳ ಜೊತೆಗೆ ಕೂದಲ ಎಳೆ, ಬೆಂಕಿಕಡ್ಡಿ, ಕಲೆಯಾದ ಪರದೆಯ ತುಂಡು ಇವೂ ಅದರಲ್ಲಿದ್ದವು. ಉತ್ತರ ಮಾತ್ರ ಕೊನೆಯಲ್ಲಿ ಮುದ್ರೆ ಒತ್ತಿದ ಹಾಳೆಗಳೊಳಗೆ. ಆ ಮುದ್ರೆ ಒಡೆಯದಿರುವ ಸಂಯಮವೇ ಓದುಗನ ಪರೀಕ್ಷೆ. ೧೯೮೧ರಲ್ಲಿ ಅಮೆರಿಕದಲ್ಲಿ ಷರ್ಲಾಕ್ ಹೋಮ್ಸನ ಹೆಸರಿನಲ್ಲಿ ಬಂದ ಆಟದಲ್ಲಿ ದಾಳವಿಲ್ಲ. ಲಂಡನ್ನಿನ ನಕ್ಷೆ, ವಿಳಾಸಗಳ ಪಟ್ಟಿ, ದಿನಪತ್ರಿಕೆ ಮತ್ತು ಓದಲು ಸಂದರ್ಶನಗಳು, ಇಷ್ಟೇ. ಮರುವರ್ಷ ಇನ್ಫೋಕಾಮ್ ಸಂಸ್ಥೆಯ ಮಾರ್ಕ್ ಬ್ಲಾಂಕ್ ‘ಡೆಡ್‌ಲೈನ್’ ಎಂಬ ಕಂಪ್ಯೂಟರ್ ಆಟವನ್ನು ರಚಿಸಿದ. ಅದರ ಪರದೆಯ ಮೇಲೆ ಒಂದೂ ಚಿತ್ರವಿಲ್ಲ, ಬರಿಯ ಅಕ್ಷರ. ಧನಿಕನೊಬ್ಬ ತನ್ನ ಗ್ರಂಥಾಲಯದಲ್ಲಿ ಸತ್ತುಬಿದ್ದಿದ್ದಾನೆ. ಆತ್ಮಹತ್ಯೆಯೋ ಕೊಲೆಯೋ ಎಂದು ತೀರ್ಮಾನಿಸಲು ಆಡುವವನಿಗೆ ಹನ್ನೆರಡು ಗಂಟೆಗಳ ಅವಕಾಶ. ಅವನು ವಾಕ್ಯ ಬರೆದು ಪ್ರಶ್ನೆ ಕೇಳುತ್ತಾನೆ, ವಾಕ್ಯದಲ್ಲೇ ಉತ್ತರ ಬರುತ್ತದೆ. ಯಂತ್ರದ ತಟ್ಟೆಯಲ್ಲಿ ಅಷ್ಟೆಲ್ಲ ಬರೆಹಕ್ಕೆ ಜಾಗ ಸಾಲದೆ, ಸಾಕ್ಷಿಗಳ ಹೇಳಿಕೆಗಳನ್ನೂ ಪ್ರಯೋಗಾಲಯದ ವರದಿಯನ್ನೂ ಕಾಗದದಲ್ಲಿ ಅಚ್ಚು ಮಾಡಿ ಜೊತೆಗಿಟ್ಟರು. ಬ್ಲಾಂಕನಿಗೆ ಪ್ರೇರಣೆಯಾದದ್ದು ವೀಟ್ಲಿಯ ಕಡತಗಳೇ. ೨೦೧೫ರಲ್ಲಿ ಸ್ಯಾಮ್ ಬಾರ್ಲೊ ರಚಿಸಿದ ‘ಹರ್ ಸ್ಟೋರಿ’ಯಲ್ಲಿ ಹೆಂಗಸೊಬ್ಬಳ ಪೋಲೀಸ್ ಹೇಳಿಕೆಗಳು ತುಣುಕು ತುಣುಕಾಗಿ ಚೆದರಿವೆ, ಆಡುವವನು ಒಂದೊಂದು ಪದ ಕೊಟ್ಟು ಅವನ್ನು ಹುಡುಕಿ ತೆಗೆಯಬೇಕು. ಮಾಧ್ಯಮ ಬದಲಾದರೂ ಕ್ರಮ ತಪ್ಪಿದ ಪುಟಗಳ ಆ ಹಳೆಯ ಯುಕ್ತಿ ಬದಲಾಗಿಲ್ಲ.

ಇನ್ನು ಮೊದಲು ಎತ್ತಿದ ಪ್ರಶ್ನೆ. ಇದು ಸಾಹಿತ್ಯವೆ? ಒಂದೇ ಉತ್ತರವಿರುವ ಬರೆಹ ಬೀಗದಂಥದು, ತೆರೆದ ಮೇಲೆ ಅದರಲ್ಲೇನಿದೆ ಎಂದು ಕೇಳುವವರಿದ್ದಾರೆ. ಈ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮತ್ತೆ ಚೌರಪಂಚಾಶಿಕೆಯನ್ನೇ ನೆನೆಯೋಣ. ಅದರ ಪದ್ಯಗಳೆಲ್ಲ ‘ಅದ್ಯಾಪಿ’ ಎಂಬ ಒಂದೇ ಪದದಿಂದ ಆರಂಭವಾಗುವ ಮುಕ್ತಕಗಳು. ಉತ್ತರದ ಪಾಠಕ್ಕೂ ದಕ್ಷಿಣದ ಪಾಠಕ್ಕೂ ಪದ್ಯಗಳೇ ಬೇರೆಯಾಗುತ್ತವೆ, ಕ್ರಮವೂ ಬೇರೆಯಾಗುತ್ತದೆ. ಆದರೂ ಕಾವ್ಯಕ್ಕೆ ಕುಂದಿಲ್ಲ. ಒಂದೊಂದು ಪದ್ಯವೂ ತನ್ನಲ್ಲೇ ತುಂಬಿದ ಕೊಡ. ಇಂಗ್ಲೆಂಡಿನ ಬಿ. ಎಸ್. ಜಾನ್ಸನ್ ೧೯೬೯ರಲ್ಲಿ ‘ದಿ ಅನ್‌ಫಾರ್ಚುನೇಟ್ಸ್’ ಎಂಬ ಕಾದಂಬರಿಯನ್ನು ೨೭ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿಟ್ಟು ಕೊಟ್ಟ. ಮೊದಲಿನದೂ ಕೊನೆಯದೂ ಗೊತ್ತುಮಾಡಿದವು; ನಡುವಣ ೨೫ನ್ನು ಹೇಗಾದರೂ ಓದಬಹುದು. ಕ್ಯಾನ್ಸರಿನಿಂದ ಸತ್ತ ಗೆಳೆಯನ ನೆನಪುಗಳವು, ನೆನಪಿಗೆ ಕ್ರಮವೆಲ್ಲಿಯದು? ದುಃಖಕ್ಕೆ ಯಾವ ಪುಟವೂ ಮೊದಲ ಪುಟವೇ. ಆದರೆ ಮ್ಯಾಥರ್ಸ್‌ನ ಪುಸ್ತಕದಲ್ಲಿ ಒಂದು ಪುಟ ಸ್ಥಳ ಬಿಟ್ಟು ಕದಲಿದರೆ ನಿರಪರಾಧಿ ಅಪರಾಧಿಯಾಗಬಲ್ಲ. ಅಲ್ಲಿ ಕ್ರಮವೆಂದರೆ ನ್ಯಾಯ.

ಈ ಎರಡೂ ಓದುಗಳು ನಮಗೆ ಬೇಕೆಂದು ನನ್ನ ಎಣಿಕೆ. ಕಾವ್ಯ ಒಂದೇ ಉತ್ತರಕ್ಕೆ ನಿಲ್ಲುವುದಿಲ್ಲ, ನಿಜ. ಹಾಗೆಂದು ಪಠ್ಯದಲ್ಲಿ ಏನು ಬೇಕಾದರೂ ಕಾಣಬಹುದು ಎನ್ನುವ ಓದು ಉದಾರವಾದದ್ದಲ್ಲ, ಸೋಮಾರಿಯಾದದ್ದು. ಇದು ಹೀಗೆ, ಇದು ಹೀಗಲ್ಲ ಎಂದು ಪಠ್ಯವೇ ನಮ್ಮ ಕೈಹಿಡಿದು ನಿಲ್ಲಿಸುವ ಗಳಿಗೆಯಿದೆ. ಆ ಗಳಿಗೆಗೆ ತಲೆಬಾಗಲು ಕಲಿಯದವನು ಕವಿತೆಯನ್ನೂ ಚೆನ್ನಾಗಿ ಓದಲಾರ, ಮನುಷ್ಯರ ಹೇಳಿಕೆಗಳನ್ನೂ ಚೆನ್ನಾಗಿ ಓದಲಾರ. ಸಾಮಾನ್ಯ ಪುಸ್ತಕದಲ್ಲಿ ಒಂದರ ಮುಂದೆ ಎರಡು, ಎರಡರ ಮುಂದೆ ಮೂರು ಎಂದು ಪುಟಗಳನ್ನು ಲೇಖಕ ಪುಕ್ಕಟೆಯಾಗಿ ಜೋಡಿಸಿಕೊಡುತ್ತಾನೆ. ಅದು ಕೊಡುಗೆಯೆಂದೂ ನಮಗೆ ತೋರುವುದಿಲ್ಲ. ಟಾರ್ಕ್ವಿಮಾಡ ಆ ಕೊಡುಗೆಯನ್ನು ಹಿಂತೆಗೆದುಕೊಂಡು ಅದರ ಬೆಲೆ ತೋರಿಸಿದ.

ಕೊನೆಗೆ ಇನ್ನೊಂದು ಮಾತು. ಉತ್ತರ ಬಲ್ಲವರು ೧೯೩೫ರಲ್ಲೂ ಇದ್ದರು, ೨೦೨೦ರಲ್ಲಿ ಹೊಸಬನೊಬ್ಬ ಸೇರಿದ, ಆಮೇಲೆ ಇನ್ನೂ ಕೆಲವರು ಸೇರಿದ್ದಾರೆ. ಪ್ರಕಾಶಕರಾಗಲಿ ಟ್ರಸ್ಟಾಗಲಿ ಉತ್ತರವನ್ನು ಅಚ್ಚು ಮಾಡಿ ಹಂಚಿಲ್ಲ. ಬೀಗದ ಕೈಯನ್ನು ಬಚ್ಚಿಟ್ಟ ಜಿಪುಣತನ ಇದಲ್ಲ. ಮುಂದೆ ಬರುವ ಓದುಗನ ಪಾಲಿನ ಶ್ರಮವನ್ನು ಅವನಿಗಾಗಿಯೇ ಉಳಿಸಿದ ಸೌಜನ್ಯ. ಉತ್ತರವನ್ನು ಕೇಳಿ ತಿಳಿದವನಿಗೆ ಆರು ಹೆಣ ಮತ್ತು ಕೆಲವು ಹೆಸರುಗಳು ದಕ್ಕುತ್ತವೆ. ನೂರು ಪುಟಗಳನ್ನು ಜೋಡಿಸಿದವನಿಗೆ ಒಂದು ಪುಸ್ತಕ ದಕ್ಕುತ್ತದೆ.